ಮಾವ ಮಾಡಿಸಿದ ಕೆಲಸ

ನನಗೆ ಕೆಲಸ ಕೊಡಿಸಿದ್ದು ನನ್ನ ಸೋದರಮಾವ. ಇದು ಊರಿಗೆಲ್ಲ ಗೊತ್ತಿರುವ ಸಂಗತಿ. ಉಡಿಗಾಲದ ಬಸ್ ನಿಲ್ಲುವ ಕಡೆ ನಿಂತಿರುವವರಲ್ಲಿ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ. ಒಪ್ಪದವನು ಅಂತ ಇದ್ದರೆ ನಾನೊಬ್ಬನೇ. ಯಾಕೆಂದರೆ ಆ ಕೆಲಸಕ್ಕಾಗಿ ಕಂಬ ಹತ್ತಿದವನು ನಾನು.

ನಾನು ಕರೆಂಟಿನ ಲೈನ್‌ಮನ್. ಹುದ್ದೆಗೆ ಈಗ ಬೇರೇನೋ ಹೆಸರಿಟ್ಟಿದ್ದಾರೆ, ಆದರೆ ಮನೆಯಲ್ಲಿ ದೀಪ ಹೋದಾಗ ಆ ಹೆಸರಿನಿಂದ ಯಾರೂ ಕೂಗುವುದಿಲ್ಲ. ಚಾಮರಾಜನಗರದಿಂದ ಪುಣಜನೂರಿನ ಕಡೆಗೆ ಹೋಗುವ ಕಾಡಂಚಿನ ಲೈನು ನನ್ನ ಪಾಲಿನದು. ಆನೆ ಕಂಬ ಕೆಡವುತ್ತದೆ, ನಾವು ನಿಲ್ಲಿಸುತ್ತೇವೆ, ಅದು ಮತ್ತೆ ಕೆಡವುತ್ತದೆ. ಆ ಆನೆಗಳಾದರೂ ಇವತ್ತಿನವರೆಗೆ ನಾನು ಯಾರ ಕಡೆಯವನು ಅಂತ ಕೇಳಿಲ್ಲ. ಮನುಷ್ಯರು ಮಾತ್ರ ಕೇಳುತ್ತಲೇ ಇರುತ್ತಾರೆ.

ಈ ಕೆಲಸಕ್ಕೆ ಆರಿಸುವ ರೀತಿ ನೇರವಾಗಿದೆ. ಹತ್ತನೇ ತರಗತಿಯ ಅಂಕ ನೋಡಿ ಕರೆಯುತ್ತಾರೆ. ಆಮೇಲೆ ಮೈದಾನದಲ್ಲಿ ಓಡಿಸುತ್ತಾರೆ, ಗುಂಡು ಎಸೆಯಲು ಹೇಳುತ್ತಾರೆ, ಕೊನೆಗೆ ಕಂಬ ಹತ್ತಿಸುತ್ತಾರೆ. ಏಣಿಯಿಲ್ಲ, ಹಗ್ಗವಿಲ್ಲ. ನುಣುಪಾದ ಸಿಮೆಂಟು ಕಂಬವನ್ನು ಬರಿಗೈಯಲ್ಲಿ, ಬರಿಗಾಲಲ್ಲಿ ತಬ್ಬಿಕೊಂಡು ತುದಿ ಮುಟ್ಟಬೇಕು. ಜಾರಿದರೆ ಮುಗಿಯಿತು. ಯಾವ ಮಂತ್ರಿಯ ಫೋನು ಬಂದರೂ ಕಂಬ ಕುಳ್ಳಗಾಗುವುದಿಲ್ಲ. ನಾನು ಆ ಕೆಲಸವನ್ನೇ ಹಿಡಿದು ಕೂತಿದ್ದಕ್ಕೆ ಅದೂ ಒಂದು ಕಾರಣ.

ನಮ್ಮೂರ ಹೊರಗೆ, ಸೂರ್ಯಕಾಂತಿ ಹೊಲದ ಬದುವಿನಲ್ಲಿ ಹಳೇ ಲೈನಿನ ಒಂದು ಕಂಬ ತಂತಿಯಿಲ್ಲದೆ ಒಂಟಿಯಾಗಿ ನಿಂತಿತ್ತು. ನಾನು ಕಲಿತದ್ದು ಅದರ ಮೇಲೆ. ಬೆಳಿಗ್ಗೆ ಎದ್ದು ಹತ್ತುತ್ತಿದ್ದೆ, ಸಂಜೆ ಬಂದು ಹತ್ತುತ್ತಿದ್ದೆ. ಮೊದಮೊದಲು ನನ್ನ ಎತ್ತರಕ್ಕಿಂತ ಮೇಲೆ ಹೋಗಲಾಗುತ್ತಿರಲಿಲ್ಲ. ಎದೆಯ ಚರ್ಮ, ತೊಡೆಯ ಒಳಮೈ ತರಚಿ ಕೆಂಪಾಗಿ, ಸ್ನಾನಕ್ಕೆ ನೀರು ಹುಯ್ದುಕೊಂಡರೆ ಪ್ರಾಣ ಹೋಗುತ್ತಿತ್ತು. ಅವ್ವ ಅರಿಸಿನವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾ, ‘ಯಾಕ್ಲಾ ಮಗ ಈ ಪಾಟಿ ಕಷ್ಟ ಪಡ್ತಿಯ, ನಿನ್ ಮಾವ ಇಲ್ವಾ’ ಅನ್ನುತ್ತಿದ್ದಳು. ಹೊಲಕ್ಕೆ ಹೋಗುವವರು ನಿಂತು ನೋಡಿ ನಗುತ್ತಿದ್ದರು. ‘ಇನ್ನೊಸಿ ಮ್ಯಾಲಕ್ ಓಗ್ಲಾ, ಗುಂಡ್ಲುಪೇಟೆ ಕಾಣ್ತದೆ’ ಅಂತ ಒಬ್ಬ ಕೂಗಿದ್ದ. ನಾನು ಹತ್ತುವುದನ್ನು ಇಡೀ ಊರು ನೋಡಿದೆ. ಅದನ್ನು ಮರೆಯಬೇಡಿ. ಯಾರೂ ನೋಡದೆ ಇದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಾವ ಅವ್ವನ ತಮ್ಮ. ಗುಂಡ್ಲುಪೇಟೆಯಲ್ಲಿ, ನಮ್ಮ ಇಲಾಖೆಯದೇ ಆಫೀಸಿನಲ್ಲಿ ಜೀಪು ಓಡಿಸುತ್ತಿದ್ದ. ಇಂಜಿನಿಯರ್ ಸಾಹೇಬರ ಪಕ್ಕದಲ್ಲಿ ಕೂತು ಓಡಾಡುವ ಮನುಷ್ಯ ಅಂದರೆ ನಮ್ಮ ಕಡೆ ಸಣ್ಣವನಲ್ಲ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಪೆನ್ನು. ನಂಟರ ಮದುವೆಗಳಲ್ಲಿ ಊಟದ ಪಂಕ್ತಿಗೆ ಅವನನ್ನು ಮೊದಲು ಕರೆಯುತ್ತಿದ್ದರು. ಒಂದು ಸಲ ಈರುಳ್ಳಿ ನೆಟ್ಟ ಹೊತ್ತಿನಲ್ಲಿ ನಮ್ಮೂರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಅಪ್ಪ ಮತ್ತು ಊರ ಹಿರಿಯರು ಚಾಮರಾಜನಗರದ ಆಫೀಸಿನ ಮುಂದೆ ದಿನಗಟ್ಟಲೆ ನಿಂತರು. ‘ನಾಳೆ ಬನ್ನಿ’ ಅನ್ನುವುದು ಬಿಟ್ಟು ಬೇರೆ ಮಾತಿರಲಿಲ್ಲ. ಆಮೇಲೆ ಅಪ್ಪ ಮಾವನಿಗೆ ಹೇಳಿದ, ಮಾವ ತನ್ನ ಸಾಹೇಬರಿಗೆ ಹೇಳಿದ, ಆ ಸಾಹೇಬರು ಇಲ್ಲಿಯ ಸಾಹೇಬರಿಗೆ ಹೇಳಿದರು. ಟ್ರಾನ್ಸ್‌ಫಾರ್ಮರ್ ಲಾರಿಯಲ್ಲಿ ಬಂತು. ಅದು ಸುಳ್ಳಲ್ಲ. ಅಪ್ಪ ದಡ್ಡನಾಗಿರಲಿಲ್ಲ. ಒಳಗೆ ಒಬ್ಬ ಮನುಷ್ಯನಿಲ್ಲದೆ ಯಾವ ಆಫೀಸಿನಲ್ಲೂ ಯಾವುದೂ ಅಲುಗಿದ್ದನ್ನು ಅವನು ತನ್ನ ಆಯುಷ್ಯದಲ್ಲಿ ನೋಡಿರಲಿಲ್ಲ. ಹಾಗಿರುವಾಗ ಮಗನಿಗೆ ಸರ್ಕಾರದ ಕೆಲಸ ಸುಮ್ಮನೆ ಹೇಗೆ ಸಿಕ್ಕೀತು?

ಪರೀಕ್ಷೆ ಮೈಸೂರಿನಲ್ಲಿ ನಡೆಯಿತು. ನನ್ನ ಮುಂದಿದ್ದವನು ಅರ್ಧಕ್ಕೆ ಹೋಗಿ ಜಾರಿ, ಕೆಳಗೆ ಕೂತು ಅಂಗೈ ನೋಡಿಕೊಂಡು ಅತ್ತ. ನಾನು ಹತ್ತಿದೆ. ತುದಿ ಮುಟ್ಟಿದಾಗ ಕೆಳಗೆ ಯಾರೋ ಸೀಟಿ ಊದಿದರು. ಅಷ್ಟು ಎತ್ತರದಲ್ಲಿ ನನಗೆ ಅಳು ಬಂತು, ಕೈ ಬಿಡುವ ಹಾಗಿರಲಿಲ್ಲವಾದ್ದರಿಂದ ಒರೆಸಿಕೊಳ್ಳಲಿಲ್ಲ.

ಆಯ್ಕೆಯಾಯಿತು ಅಂತ ಗೊತ್ತಾದ ದಿನ ಅವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಅಪ್ಪ ನನ್ನ ಮುಖವನ್ನು ಒಮ್ಮೆ ನೋಡಿದ. ಏನಾದರೂ ಹೇಳುತ್ತಾನೆ ಅಂತ ಕಾದೆ. ‘ನಾಳಕೆ ಗುಂಡ್ಲುಪೇಟೆಗ್ ಓಗನ. ಮ್ಯಾಲೆ ಮಾದಪ್ಪ, ಕೆಳಗೆ ನಿನ್ ಮಾವ’ ಅಂದ. ‘ಅಪ್ಪ, ಮಾವ ಏನೂ ಮಾಡ್ಲಿಲ್ಲ, ನಾನೇ ಕಂಬ ಅತ್ತುದ್ದು’ ಅಂದೆ. ‘ಬಾಯ್ ಮುಚ್ಚು. ಉಪಕಾರ ಮರೆಯೋ ಬುದ್ಧಿ ಈಗ್ಲೇ ಬಂದ್ಬುಡ್ತಾ?’ ಅಂದುಬಿಟ್ಟ.

ಮರುದಿನ ಒಗೆದ ಪಂಚೆಯುಟ್ಟು, ತೋಟದಿಂದ ಕಡಿದ ಬಾಳೆಗೊನೆಯನ್ನು ನನ್ನ ಹೆಗಲ ಮೇಲೆ ಹೊರಿಸಿ, ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿಸಿದ. ದಾರಿಯುದ್ದಕ್ಕೂ ಸಿಕ್ಕವರು ಗೊನೆ ಯಾರಿಗೆ ಅಂತ ಕೇಳುತ್ತಿದ್ದರು, ಅಪ್ಪ ಹೇಳುತ್ತಿದ್ದ. ಬಸ್ಸಿಳಿಯುವ ಹೊತ್ತಿಗೆ ಮಾವ ಕೆಲಸ ಕೊಡಿಸಿದ ಸುದ್ದಿ ನಮಗಿಂತ ಮುಂದೆ ಹೋಗಿಯಾಗಿತ್ತು.

ಮಾವನ ಮನೆಯ ಜಗುಲಿಯಲ್ಲಿ ಗೊನೆ ಇಳಿಸಿದೆ. ಅಪ್ಪ ಎಲೆಯಡಿಕೆ, ತೆಂಗಿನಕಾಯಿ, ಒಂದು ಶಾಲು ಇಟ್ಟು ಕೈ ಮುಗಿದ. ಭಾವನಾದವನು ಹೆಂಡತಿಯ ತಮ್ಮನಿಗೆ ಕೈ ಮುಗಿಯುವುದು ನಮ್ಮಲ್ಲಿ ಇಲ್ಲ. ಮಾವ ಈಗಲಾದರೂ ನಿಜ ಹೇಳುತ್ತಾನೆ ಅಂತ ಅವನ ಬಾಯನ್ನೇ ನೋಡುತ್ತಿದ್ದೆ. ಅವನು ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, ‘ಏನೋ ನನ್ ಕೈಲಾದ್ದ ಮಾಡ್ದಿ ಬಾವ, ನಮ್ ಹುಡ್ಗ ಅಲ್ವಾ’ ಅಂದ. ನನಗೆ ಮೈ ಉರಿಯಿತು. ಎದ್ದು ಹೊರಗೆ ಹೋಗಿ ಬೀದಿ ಕೊಳಾಯಿಯಲ್ಲಿ ಮುಖ ತೊಳೆದುಕೊಂಡೆ.

ಕೆಲಸಕ್ಕೆ ಸೇರಿದ ಮೇಲೂ ಅಷ್ಟೇ. ಮೊದಲ ದಿನ ಆಫೀಸಿನಲ್ಲಿ ಟೀ ಕೊಟ್ಟ ಹಿರಿಯರೊಬ್ಬರು, ‘ಯಾರ ಕಡೆಯೋರು ನೀವು?’ ಅಂದರು. ‘ಯಾರ ಕಡೆಯವನೂ ಅಲ್ಲ ಸಾರ್’ ಅಂದೆ. ‘ಹೇಳಾಕ್ ಇಷ್ಟ ಇಲ್ಲ ಅನ್ನಿ’ ಅಂತ ನಕ್ಕರು. ನಾನು ಯಾವುದೋ ದೊಡ್ಡ ಮನುಷ್ಯನ ಕಡೆಯವನಿರಬೇಕು, ಅದಕ್ಕೇ ಬಾಯಿ ಬಿಡುತ್ತಿಲ್ಲ ಅಂತ ಕೆಲವು ತಿಂಗಳು ನನಗೆ ಮರ್ಯಾದೆಯೂ ಸಿಕ್ಕಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗುವುದನ್ನು ಕಲಿತೆ. ಜನ ಏನಾದರೂ ಅಂದುಕೊಳ್ಳಲಿ, ಸಂಬಳ ನನ್ನದು, ಕಂಬ ನನ್ನದು ಅಂತ ಸುಮ್ಮನಾದೆ. ಸುಮ್ಮನೆ ಇದ್ದೂಬಿಡುತ್ತಿದ್ದೆ, ಮಾವ ತನ್ನ ಮಗನಿಗೆ ನನ್ನ ತಂಗಿಯನ್ನು ಕೇಳದೆ ಇದ್ದಿದ್ದರೆ.

ತಂಗಿ ಆಗ ಚಾಮರಾಜನಗರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಆಮೇಲೆ ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡಬೇಕು ಅನ್ನುವುದು ಅವಳ ಆಸೆ. ಮಾವನ ಮಗ ನನ್ನ ಓರಗೆಯವನು, ಕೆಟ್ಟವನಲ್ಲ. ಐ.ಟಿ.ಐ. ಅರ್ಧಕ್ಕೆ ಬಿಟ್ಟಿದ್ದ. ಯಾವುದಕ್ಕೂ ಅರ್ಜಿ ಹಾಕುತ್ತಿರಲಿಲ್ಲ, ಏನನ್ನೂ ಓದುತ್ತಿರಲಿಲ್ಲ. ಕೇಳಿದರೆ ‘ಅಪ್ಪ ಮಾಡುಸ್ತನೆ’ ಅನ್ನುತ್ತಿದ್ದ. ಅಕ್ಕನ ಮಗನಿಗೆ ಮಾಡಿಸಿದವನು ಸ್ವಂತ ಮಗನಿಗೆ ಮಾಡಿಸದೆ ಇರುತ್ತಾನೆಯೆ? ಹಾಗೆ ನಂಬಿ ಬೈಕಿನಲ್ಲಿ ಗುಂಡ್ಲುಪೇಟೆ ಸುತ್ತುತ್ತಾ ವರ್ಷಗಳನ್ನು ಕಳೆದಿದ್ದ.

ಸೋದರಮಾವನ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಬೇಡ ಅನ್ನುವುದೂ ಉಂಟು, ಅದರಿಂದ ನಂಟಸ್ತಿಕೆ ಮುರಿಯುವುದಿಲ್ಲ. ಆದರೆ ಅಪ್ಪನಿಗೆ ಬೇಡ ಅನ್ನುವ ಬಾಯಿ ಇರಲಿಲ್ಲ. ಅವಳು ಓದು ಬಿಡಬೇಕಾಗುತ್ತದೆ, ಹುಡುಗನಿಗೆ ದುಡಿಮೆಯಿಲ್ಲ ಅಂತ ನಾನು ಕೂಗಾಡಿದೆ. ಅಪ್ಪ ತಲೆ ತಗ್ಗಿಸಿಕೊಂಡು ಕೇಳಿ, ಕೊನೆಗೆ ಹೇಳಿದ: ‘ಅವ್ನು ನಿಂಗೆ ಅನ್ನ ಕೊಟ್ಟವ್ನೆ. ಅವ್ನು ಬಾಯ್ಬುಟ್ಟು ಕೇಳ್ದಾಗ ಇಲ್ಲ ಅನ್ನದು ಎಂಗ್ಲಾ? ಇಲ್ಲ ಅನ್ಬೇಕು ಅಂದ್ರೆ ಆ ಕೆಲ್ಸನೂ ವಾಪಸ್ ಕೊಟ್ಬುಡು.’

ತಮಾಷೆಗೆ ಹೇಳಿದ್ದಲ್ಲ. ಕೆಲಸವನ್ನೂ ಎರವಲು ತಂದ ನೊಗದ ಹಾಗೆ, ಬೀಗರ ಮನೆಯ ಪಾತ್ರೆಯ ಹಾಗೆ ಹಿಂದಕ್ಕೆ ಕೊಟ್ಟು ಬರಬಹುದು ಅಂತ ಅವನು ನಿಜವಾಗಿ ತಿಳಿದಿದ್ದ. ಅಪ್ಪನ ಪ್ರಾಮಾಣಿಕತೆ ಅಂಥದು. ಯಾರ ಹಂಗನ್ನೂ ಇಟ್ಟುಕೊಳ್ಳದ ಮನುಷ್ಯ, ಇಲ್ಲದ ಒಂದು ಹಂಗಿಗೆ ಮಗಳನ್ನು ಕೊಡಲು ಹೊರಟಿದ್ದ. ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ, ಅಷ್ಟೇ ಅಯ್ಯೋ ಅನ್ನಿಸಿತ್ತು ಕೂಡ.

ಆ ಸಂಜೆ ತಂಗಿ ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದವಳು ನನ್ನನ್ನು ಕರೆದಳು. ಅತ್ತ ಗುರುತೇನೂ ಮುಖದಲ್ಲಿರಲಿಲ್ಲ. ‘ಅಣ್ಣ, ಒಂದ್ ಮಾತ ಕೇಳ್ತೀನಿ, ನಿಜ ಏಳ್ಬೇಕು. ಮಾವ ಕೆಲ್ಸ ಮಾಡ್ಸುದ್ನಾ?’

ನನಗೆ ಕೆನ್ನೆಗೆ ಬಾರಿಸಿದಂತಾಯಿತು. ನನ್ನ ಎದೆಯ ಗಾಯ ನೋಡಿದವಳು ಇವಳು. ಸಂಜೆ ಕಂಬದ ಬುಡದಲ್ಲಿ ಕೂತು ಪುಸ್ತಕ ಹಿಡಿದು ನನಗೆ ಕಾವಲಿದ್ದವಳು ಇವಳು.

‘ನೀನೂ ಕೇಳ್ತಿಯಾ ಅಮ್ಮಿ?’ ಅಂದೆ.

‘ಸಿಟ್ಟಾಗ್ಬ್ಯಾಡ ಕಣಣ್ಣ. ನೀನ್ ಕಂಬ ಅತ್ತುದ್ದು ನಂಗ್ ಗೊತ್ತು. ಅತ್ತುದ್ ಮೇಲೆ ಮಾವ ಏನಾರ ಏಳಿದ್ದನೋ ಏನೋ ಅಂತ. ಏಳಿದ್ರೆ ಏಳ್ಬುಡು, ನಾನು ಮದ್ವೆ ಒಪ್ಕತೀನಿ. ನೀನು ತಲೆ ತಗ್ಸ್ಕಂಡು ಕೆಲ್ಸ ಮಾಡದು ನಂಗ್ ಬ್ಯಾಡ. ಏಳಿಲ್ಲ ಅಂದ್ರೆ ನಾನ್ ಒಪ್ಪಲ್ಲ, ಅಪ್ಪ ಸಾಯ್ತೀನಿ ಅಂದ್ರೂ ಒಪ್ಪಲ್ಲ.’

ಬಟ್ಟೆಯನ್ನು ಮಡಚುತ್ತಾ ಇಷ್ಟನ್ನು ಹೇಳಿದಳು. ಅವಳ ಓದು, ಅವಳ ಬದುಕು ಎಲ್ಲ ನನ್ನ ಒಂದು ಉತ್ತರದ ಮೇಲೆ ನಿಂತಿತ್ತು. ‘ಮಾದಪ್ಪನಾಣೆಗೂ ಇಲ್ಲ’ ಅಂದೆ. ಆದರೆ ಹೇಳಿದ ಮೇಲೆ ನನ್ನೊಳಗೇ ಅನುಮಾನದ ಹುಳು ಹೊಕ್ಕಿತು. ಮಾವ ಅಷ್ಟು ಧೈರ್ಯವಾಗಿ ‘ಮಾಡ್ದಿ’ ಅಂದನಲ್ಲ, ನಿಜವಾಗಿ ಯಾರಿಗಾದರೂ ಹೇಳಿದ್ದನೆ? ಊರು ಹಾಗೆ ಅಂದಂದು, ನನ್ನ ಕೈಕಾಲನ್ನು ನಾನೇ ನಂಬದ ಹಾಗೆ ಮಾಡಿಟ್ಟಿತ್ತು. ಕೇಳಿಯೇ ತಿಳಿಯಬೇಕು ಅಂತ ರಜೆ ಹಾಕಿ ಗುಂಡ್ಲುಪೇಟೆಗೆ ಹೋದೆ.

ಮಾವ ಆಫೀಸಿನ ಹಿಂದೆ, ಮುರಿದ ಕಂಬಗಳನ್ನು ಪೇರಿಸಿದ್ದ ಜಾಗದಲ್ಲಿ ಜೀಪು ತೊಳೆಯುತ್ತಿದ್ದ. ಬೇರೆ ಯಾರೂ ಇರಲಿಲ್ಲ. ನನ್ನನ್ನು ನೋಡಿ, ‘ಏನ್ಲಾ ಅಳಿಯ, ಊಟ ಆಯ್ತಾ?’ ಅಂದ. 

‘ಮಾವ, ನನ್ ಕೆಲ್ಸಕ್ಕೆ ನೀನು ಯಾರ್ಗ್ ಏಳ್ದೆ?’

ಅವನ ಕೈಯಲ್ಲಿದ್ದ ಬಟ್ಟೆ ನಿಂತಿತು. ‘ಸಾಹೇಬ್ರಿಗೆ ಏಳಿದ್ದಿ ಕಣ್ಲಾ’ ಅಂದ. ಹೇಗೆ, ಎಲ್ಲಿ ಅಂತ ಬಿಡದೆ ಕೇಳಿದೆ. ಬಂಡೀಪುರದ ಕಡೆಯಿಂದ ವಾಪಸ್ ಬರುತ್ತಿದ್ದಾಗ, ರಸ್ತೆ ಪಕ್ಕ ಚೆಂಡುಹೂವಿನ ಹೊಲಗಳ ಹತ್ತಿರ ಸಾಹೇಬರು ಒಳ್ಳೆಯ ಮನಸ್ಸಿನಲ್ಲಿದ್ದಂತೆ ಕಂಡಿತಂತೆ. ‘ಸಾರ್, ನಮ್ಮಕ್ಕನ ಮಗ ಒಬ್ಬ ಲೈನ್‌ಮನ್ ಕೆಲ್ಸಕ್ಕೆ ಅರ್ಜಿ ಆಕವ್ನೆ, ಒಸಿ ನೋಡ್ಕಳಿ’ ಅಂದನಂತೆ. ಸಾಹೇಬರು ಹೂವಿನ ಕಡೆ ನೋಡುತ್ತಲೇ ತಲೆಯಾಡಿಸಿದರಂತೆ.

‘ಅಷ್ಟೇಯಾ?’ ಅಂದೆ.

‘ಅವ್ರು ಏನಾದ್ರೂ ಮಾಡಿರ್ತರೆ.’

‘ಮಾವ, ನಮ್ ಪರೀಕ್ಷೆ ಆಗೋ ಒತ್ಗೆ ಆ ಸಾಹೇಬ್ರಿಗೆ ಬೇರೆ ಜಿಲ್ಲೆಗೆ ವರ್ಗ ಆಗಿತ್ತು. ನೀನೇ ಅವ್ರ ಸಾಮಾನ ಲಾರಿಗ್ ಏರ್ಸಿದ್ದೆ. ಈ ಆಯ್ಕೆಗೂ ತಾಲ್ಲೂಕಿನ ಆಫೀಸ್ಗೂ ಸಂಬಂಧ್ವೇ ಇಲ್ಲ. ಅದ್ ನಿಂಗೂ ಗೊತ್ತು.’

ಮಾವ ಜೀಪಿನ ಬಾನೆಟ್ಟಿಗೆ ಒರಗಿ ನಿಂತ. ನಲ್ಲಿಯ ನೀರು ಹರಿದು ಅವನ ಚಪ್ಪಲಿ ನೆನೆಯುತ್ತಿತ್ತು, ಸರಿಯಲಿಲ್ಲ. 

‘ನಾನು ಆಮ್ಯಾಕೆ ಅವ್ರ ಕೇಳ್ಲೇ ಇಲ್ಲ ಕಣ್ಲಾ. ಮಾಡ್ಸಿದ್ರಾ ಸಾರ್ ಅಂತ ಒಂದ್ ಫೋನ್ ಮಾಡ್ಬೋದಿತ್ತು. ಅವ್ರು ಇಲ್ಲ ಕಣಯ್ಯ, ಯಾರ್ ವಿಸ್ಯ ಅಂದ್ಬುಟ್ರೆ ಏನ್ ಮಾಡದು ಅಂತ ಬುಟ್ಬುಟ್ಟಿ. ಇಷ್ಟ್ ವರ್ಸದಲ್ಲಿ ನನ್ ಮಾತಿಂದ ಒಂದು ಕೆಲ್ಸ ಆಯ್ತು ಅಂತ ಎಲ್ರೂ ಅಂದ್ರಲ್ಲ, ನಿಮ್ಮಪ್ಪ ಕೈ ಮುಗ್ದ. ನಾನೂ ಊಂ ಅಂದಿ. ಅನ್ತಾ ಅನ್ತಾ ನಂಗೂ ಅಂಗೇ ಅನ್ನಿಸ್ಬುಡ್ತು.’

ಅವನನ್ನು ಬಯ್ಯಲು ಬೇಕಾದಷ್ಟು ಮಾತು ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟು, ಹೋಗಿ ನಲ್ಲಿ ನಿಲ್ಲಿಸಿದೆ. ಸಾಹೇಬರ ಪಕ್ಕ ಕೂತು ತಲೆ ನರೆಸಿಕೊಂಡ ಮನುಷ್ಯ. ಅವರೆಲ್ಲ ಯಾರ್ಯಾರಿಗೋ ಏನೇನೋ ಮಾಡಿಸಿದ್ದನ್ನು ಕಿವಿಯಾರೆ ಕೇಳಿದವನು. ಸಾಹೇಬರ ಷಡ್ಡಕನ ಮಗ, ಬೀಗರ ಅಳಿಯ, ಯಾರೋ ಮುಖಂಡರ ತಮ್ಮ, ಎಲ್ಲರೂ ಅವನ ಜೀಪಿನೊಳಗಿನ ಮಾತಿನಲ್ಲೇ ಎಲ್ಲೆಲ್ಲೋ ಸೇರಿಕೊಂಡರು. ತನ್ನ ಸ್ವಂತ ಮಗನಿಗೆ ಅವನು ಒಂದು ಬಾಗಿಲನ್ನೂ ತೆರೆಸಲಾಗಿರಲಿಲ್ಲ. ನನ್ನ ಕೆಲಸವೊಂದೇ ಅವನ ಹೆಸರಿನಲ್ಲಿದ್ದದ್ದು.

‘ತಂಗಿ ವಿಷ್ಯ ಬುಟ್ಬುಡು ಮಾವ. ಇಲ್ದಿದ್ರೆ ಇದೆಲ್ಲ ಅಪ್ಪನ್ಗೆ ಏಳ್ಬುಡ್ತೀನಿ’ ಅಂದೆ.

‘ಬುಡ್ತೀನಿ’ ಅಂದ, ತಕ್ಷಣವೇ. ‘ನಾನೇ ಬಂದು ಬ್ಯಾಡ ಅಂತೀನಿ. ನಿಮ್ಮಪ್ಪನ್ಗೆ ಮಾತ್ರ ಏಳ್ಬ್ಯಾಡ. ಅಕ್ಕನ್ಗೂ ಬ್ಯಾಡ. ನನ್ ಮಗನ್ ಕಿವಿಗಂತೂ ಬೀಳ್ಬಾರ್ದು. ಅವ್ನು ಇದೊಂದ ನಂಬ್ಕಂಡ್ ಕೂತವ್ನೆ ಕಣ್ಲಾ. ಇದೂ ಸುಳ್ಳು ಅಂತ ಗೊತ್ತಾದ್ರೆ ನನ್ ಮೊಕ ನೋಡಲ್ಲ.’

‘ಏಳಿದ್ರೇನೆ ಅವ್ನು ಉದ್ಧಾರ ಆಗದು’ ಅಂದೆ. ಮಾವನ ಕಣ್ಣು ತುಂಬಿಕೊಂಡಿತ್ತು. ನಾನು ಆಯಿತು ಅಂದು ಹೊರಟುಬಿಟ್ಟೆ. ತಂಗಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಅವಳಿಗೆ ನಾನು ಉತ್ತರ ಕೊಡಬೇಕಿತ್ತು.

ಮಾವ ಮಾತಿಗೆ ತಪ್ಪಲಿಲ್ಲ. ಆ ಭಾನುವಾರವೇ ಉಡಿಗಾಲಕ್ಕೆ ಬಂದ. ಪಡಸಾಲೆಯಲ್ಲಿ ಅಪ್ಪನ ಎದುರು ಚಾಪೆಯ ಮೇಲೆ ಕೂತ. ಅವ್ವ ತಂದುಕೊಟ್ಟ ಕಾಫಿಯನ್ನು ಮುಟ್ಟದೆ, ಕಲಿತುಬಂದ ಪಾಠದ ಹಾಗೆ ಒಂದೇ ಉಸಿರಿಗೆ ಹೇಳಿದ: ‘ಬಾವ, ಹುಡ್ಗಿ ಓದ್ಲಿ. ನಮ್ ಹುಡ್ಗನ್ಗೆ ಇನ್ನೂ ಒಂದು ನೆಲೆ ಇಲ್ಲ. ಇಂತಾ ಒತ್ನಲ್ಲಿ ಹೆಣ್ ಕೇಳಿದ್ದು ನನ್ ತಪ್ಪು. ಈ ಮಾತ ಇಲ್ಗೇ ಬುಟ್ಬುಡನ.’

 ಮಗಳನ್ನು ಕೊಡಲು ಅಪ್ಪನಿಗೂ ಒಳಗೊಳಗೆ ಇಷ್ಟವಿರಲಿಲ್ಲ ಅಂತ ನನಗೆ ಗೊತ್ತಾದದ್ದು ಆಗಲೇ. ಮುಖ ಅಷ್ಟು ಹಗುರಾಯಿತು. ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದ.

‘ನೋಡ್ದೇನ್ಲಾ, ಎಂತಾ ಮನುಷ್ಯ ನಿನ್ ಮಾವ! ಕೆಲ್ಸನೂ ಕೊಟ್ಟ, ಕೇಳಿದ್ ಹೆಣ್ಣನ್ನೂ ಬುಟ್ಟ. ನಾವು ಈ ಜನ್ಮದಲ್ಲಿ ತೀರ್ಸಕ್ಕಾದದ? ಬೀಳು, ಕಾಲ್ಗ್ ಬೀಳು.’

ತಂಗಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ‘ಅಪ್ಪ, ಅಣ್ಣ ಯಾಕ್ ಬೀಳ್ಬೇಕು?’ ಅಂತ ಜೋರಾಗಿಯೇ ಶುರುಮಾಡಿದಳು. ಅವಳ ಮುಖ ಕೆಂಪಾಗಿತ್ತು, ಇನ್ನೊಂದು ಮಾತಾಡಿದರೆ ಎಲ್ಲವೂ ಹೊರಬೀಳುತ್ತಿತ್ತು. ನಾನು ಅವಳ ಕಡೆ ನೋಡಿ ಬೇಡ ಅಂತ ತಲೆಯಾಡಿಸಿದೆ. ಮಾವ ನೆಲ ನೋಡುತ್ತಾ ಕೂತಿದ್ದ.

ಬಗ್ಗಿ ಅವನ ಪಾದ ಮುಟ್ಟಿದೆ.  ಕಂಬದ ತುದಿ ಮುಟ್ಟಿದ ಕೈ ಅದು, ಅದರಿಂದಲೇ ಮುಟ್ಟಿದೆ. ಇನ್ನು ಯಾವತ್ತೂ ಈ ಮನೆಯಲ್ಲಿ ನನ್ನ ಕೆಲಸ ನನ್ನದಾಗುವುದಿಲ್ಲ ಅಂತ ಆ ಗಳಿಗೆಯಲ್ಲಿ ಗೊತ್ತಾಯಿತು. ಆಗಲೂ ಇಲ್ಲ. ಕಳೆದ ವರ್ಷ ಅಪ್ಪ ತೀರಿಕೊಂಡ, ಕೊನೆಯವರೆಗೂ ಬಂದವರೆಲ್ಲರಿಗೂ ನನ್ನನ್ನು ತೋರಿಸಿ ಮಾವನ ಹೆಸರನ್ನೇ ಹೇಳುತ್ತಿದ್ದ.

ಎದ್ದು ನಿಲ್ಲುವಷ್ಟರಲ್ಲಿ ಅಪ್ಪ, ‘ಇನ್ನೊಂದ್ಸಲ ಬೀಳು. ತಂಗಿ ಪಾಲಿಂದೂ ನೀನೇ ಬೀಳು’ ಅಂದ.

ಮಾವ ಗಾಬರಿಯಾಗಿ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ. ‘ಬ್ಯಾಡ ಬಾವ, ಸಾಕು ಬುಡು’ ಅಂತ ಅಂಗಲಾಚಿದ.

ನಾನು ಮತ್ತೆ ಬಗ್ಗಿದೆ. ಬಾಗಿಲಿನಲ್ಲಿ ನಿಂತಿದ್ದ ತಂಗಿ ನಾಳೆ ಕಾಲೇಜಿಗೆ ಹೋಗುತ್ತಾಳೆ. ಅದನ್ನು ಮಾಡಿಸಿದವನು ಮಾತ್ರ ನಿಜವಾಗಿಯೂ ಮಾವನೇ. ಎರಡನೇ ಸಲ ನಾನು ಮನಸಾರೆ ಬಿದ್ದೆ.